ಕೊಲೊನೋಸ್ಕೋಪಿಗೆ ಕೃತಕ ಬುದ್ಧಿಮತ್ತೆ ಇರುವ ಆಸ್ಪತ್ರೆಯನ್ನೇ ಹುಡುಕಬೇಕೇ?

ಪ್ರಶ್ನೆ
ನಮ್ಮ ತಂದೆಯವರಿಗೆ ಕೊಲೊನೋಸ್ಕೋಪಿ (ತುದಿಯಲ್ಲಿ ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ) ಮಾಡಿಸಬೇಕೆಂದು ವೈದ್ಯರು ಸೂಚಿಸಿದ್ದಾರೆ. ಪರೀಕ್ಷೆ ನಡೆಯುತ್ತಿರುವಾಗಲೇ ಪಾಲಿಪ್‌ಗಳನ್ನು, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಡ್ಡೆಗಳನ್ನು, ಪರದೆಯ ಮೇಲೆ ಗುರುತಿಸಿ ತೋರಿಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ಈಗ ಬಂದಿದೆಯಂತೆ. ಅಂಥ ಸೌಲಭ್ಯವಿರುವ ಕಡೆಯೇ ಮಾಡಿಸುವುದು ಒಳಿತೇ, ಅಥವಾ ಅನುಭವಿ ವೈದ್ಯರಿದ್ದರೆ ಸಾಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1
ಕ್ಯಾಮೆರಾದಿಂದ ಬರುವ ಚಿತ್ರಗಳನ್ನು ತಂತ್ರಾಂಶವು ಆಗಿಂದಾಗಲೇ ಪರಿಶೀಲಿಸಿ, ಅನುಮಾನ ಬಂದ ಜಾಗದ ಸುತ್ತ ಚೌಕಟ್ಟು ಮೂಡಿಸುತ್ತದೆ. ಅದು ನಿಜಕ್ಕೂ ಪಾಲಿಪ್ ಹೌದೋ ಅಲ್ಲವೋ, ತೆಗೆಯಬೇಕೋ ಬೇಡವೋ ಎಂಬ ತೀರ್ಮಾನ ವೈದ್ಯರದ್ದೇ. ಗಡ್ಡೆಗಳ ಪತ್ತೆಗೆ ಇದು ನೆರವಾಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಇಟಲಿಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನಿಷ್ಠ ಒಂದು ಅಡೆನೋಮಾ, ಅಂದರೆ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಗಡ್ಡೆ, ಪತ್ತೆಯಾದವರ ಪ್ರಮಾಣವು ತಂತ್ರಾಂಶ ಬಳಸಿದ ಗುಂಪಿನಲ್ಲಿ ಶೇ. 54.8 ಇದ್ದರೆ ಬಳಸದ ಗುಂಪಿನಲ್ಲಿ ಶೇ. 40.4 ಇತ್ತು. ಆದರೆ ಹೀಗೆ ಹೆಚ್ಚುವರಿಯಾಗಿ ಸಿಕ್ಕವುಗಳಲ್ಲಿ ಹೆಚ್ಚಿನವು 10 ಮಿ.ಮೀ.ಗಿಂತ ಚಿಕ್ಕವು. ಅವನ್ನೆಲ್ಲ ತೆಗೆಯುವುದರಿಂದ ಕ್ಯಾನ್ಸರ್ ಎಷ್ಟರಮಟ್ಟಿಗೆ ತಪ್ಪುತ್ತದೆ ಎಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆ.

ಉತ್ತರ 2
ಮೇಲಿನ ಮಾತಿಗೆ ಒಂದು ಸೇರ್ಪಡೆ. ಕ್ಯಾಮೆರಾಕ್ಕೆ ಕಾಣದ್ದು ತಂತ್ರಾಂಶಕ್ಕೂ ಕಾಣದು. ದೊಡ್ಡ ಕರುಳಿನ ಒಳಗೋಡೆಯು ಮಡಿಕೆ ಮಡಿಕೆಯಾಗಿರುವುದರಿಂದ, ನಳಿಕೆಯನ್ನು ಹಿಂದಕ್ಕೆಳೆಯುವಾಗ ವೈದ್ಯರು ಅದರ ತುದಿಯನ್ನು ಒಂದೊಂದು ಮಡಿಕೆಯ ಹಿಂದಕ್ಕೂ ಬಾಗಿಸಿ, ಅಂಟಿಕೊಂಡ ಕಲ್ಮಶವನ್ನು ನೀರು ಹಾಯಿಸಿ ತೊಳೆದು ನೋಡಬೇಕಾಗುತ್ತದೆ. ಈ ಕೆಲಸ ಅವಸರದಲ್ಲಿ ಮುಗಿಯುವಂಥದ್ದಲ್ಲ. ಹೊಟ್ಟೆ ಸರಿಯಾಗಿ ಖಾಲಿಯಾಗಿರದಿದ್ದರೆ ಮಲದ ತುಣುಕು, ನೊರೆಗುಳ್ಳೆಗಳ ಮೇಲೂ ಚೌಕಟ್ಟು ಮಿನುಗಿ ಮಾಯವಾಗುತ್ತಿರುತ್ತದೆ, ಚಪ್ಪಟೆಯಾದ ನಿಜವಾದ ಪಾಲಿಪ್ ಮಾತ್ರ ಲೋಳೆಯಡಿ ಅಡಗಿರುತ್ತದೆ. ಆದ್ದರಿಂದ ಭೇದಿಯ ಔಷಧವನ್ನು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ತಂದೆಯವರು ಪೂರ್ತಿ ಕುಡಿಯುವಂತೆ ನೋಡಿಕೊಳ್ಳಿ. (ಅದರ ರುಚಿ ಯಾರಿಗೂ ಹಿಡಿಸುವುದಿಲ್ಲ, ಅದು ಬೇರೆ ಮಾತು.)

ಉತ್ತರ 3
ವೈದ್ಯರ ಕೌಶಲ ಮುಖ್ಯವೆನ್ನಲು ಇನ್ನೊಂದು ಕಾರಣವಿದೆ. ಪೋಲೆಂಡ್‌ನಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕೃತಕ ಬುದ್ಧಿಮತ್ತೆ ಬಳಕೆಗೆ ಬಂದ ಬಳಿಕ, ಅದರ ನೆರವಿಲ್ಲದೆ ನಡೆಸಿದ ಪರೀಕ್ಷೆಗಳಲ್ಲಿ ಅಡೆನೋಮಾ ಪತ್ತೆಯ ಪ್ರಮಾಣ ಶೇ. 28.4ರಿಂದ ಶೇ. 22.4ಕ್ಕೆ ಇಳಿದಿತ್ತು. ಅದು ವೀಕ್ಷಣಾ ಅಧ್ಯಯನ, ಅಂದರೆ ನಡೆದದ್ದನ್ನು ಗಮನಿಸಿ ದಾಖಲಿಸಿದ್ದಷ್ಟೇ ಆದ್ದರಿಂದ ಇಳಿಕೆಗೆ ತಂತ್ರಾಂಶದ ಅವಲಂಬನೆಯೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಆದರೂ ಕಡೆಗಣಿಸುವಂಥದ್ದಲ್ಲ. ನನ್ನ ಸಲಹೆಯೆಂದರೆ, ಯಂತ್ರದ ಬಗ್ಗೆ ವಿಚಾರಿಸುವ ಮೊದಲು ವೈದ್ಯರ ಅಡೆನೋಮಾ ಪತ್ತೆಯ ಪ್ರಮಾಣ, ಅಂದರೆ ಅವರು ಪರೀಕ್ಷಿಸಿದವರಲ್ಲಿ ಶೇಕಡಾ ಎಷ್ಟು ಮಂದಿಯಲ್ಲಿ ಕನಿಷ್ಠ ಒಂದು ಅಡೆನೋಮಾ ಸಿಕ್ಕಿದೆ ಎಂದು ಕೇಳಿ. ಅದು ಚೆನ್ನಾಗಿದ್ದು, ಜೊತೆಗೆ ತಂತ್ರಾಂಶವೂ ಇದ್ದರೆ ಒಳ್ಳೆಯದೇ. ತಂತ್ರಾಂಶವಿಲ್ಲವೆಂಬ ಒಂದೇ ಕಾರಣಕ್ಕೆ ಪರೀಕ್ಷೆಯನ್ನು ಮುಂದೂಡಬೇಡಿ.