ಸಹಾಯ ಬೇಕು: ನಮ್ಮ ಕೆಂಚಿಯ ಜೊತೆ ನಡೆಯಲು ಒಂದು ಸಮಾಧಾನದ ನಾಯಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಒಳ್ಳೆ ಮನೆ ಸಿಗುವವರೆಗೆ ಅಂತ ಕೆಂಚಿ ಎಂಬ ಬೀದಿನಾಯಿಯನ್ನು 3 ತಿಂಗಳಿಂದ ನೋಡಿಕೊಳ್ಳುತ್ತಿದ್ದೇನೆ. ಸುಮಾರು 2 ವರ್ಷದ ಹೆಣ್ಣು. ಮರಿ ಆಗದಂತೆ ಆಪರೇಷನ್, ರೇಬಿಸ್ ಲಸಿಕೆ ಆಗಿದೆ.

ಮನೆಯೊಳಗೆ ತುಂಬಾ ಮುದ್ದು. ಆದರೆ ಬೀದಿಯಲ್ಲಿ ಬೇರೆ ನಾಯಿ ಕಂಡರೆ ಬೊಗಳಿ, ಬೆಲ್ಟ್ ಜಗ್ಗಿ ಮೇಲೆ ನುಗ್ಗುತ್ತಾಳೆ. ಅದು ಕೋಪ ಅಲ್ಲ, ಭಯ. ಆಗ ಕಿವಿ ಹಿಂದಕ್ಕೆ ಅಂಟಿರುತ್ತದೆ, ಬಾಲ ಕಾಲ ಸಂದಿಯಲ್ಲಿರುತ್ತದೆ. ಎದುರಿನ ನಾಯಿ 40 ಅಡಿ ದೂರವಿದ್ದರೆ ಬೇಯಿಸಿದ ಕೋಳಿ ಚೂರು ತಿಂದು ನನ್ನ ಮುಖ ನೋಡುತ್ತಾಳೆ. 20 ಅಡಿಗೆ ಬಂತೆಂದರೆ ಆ ಚೂರು ಬಾಯಿಂದ ಕೆಳಗೆ ಬೀಳುತ್ತದೆ. ಈ ದೂರವನ್ನು ನಿಧಾನಕ್ಕೆ ಕಡಿಮೆ ಮಾಡಬೇಕು. ಹೊಡೆದು ಕಲಿಸಿ ಎನ್ನಬೇಡಿ, ಅದರಿಂದ ಭಯ ಜಾಸ್ತಿಯೇ ಆಗುತ್ತದೆ.

ಹತ್ತಿರದಲ್ಲಿ ಯಾರ ಬಳಿಯಾದರೂ ಸಮಾಧಾನದ ನಾಯಿ ಇದೆಯಾ? ವಾರಕ್ಕೆ ಎರಡು ದಿನ, ಬೆಳಿಗ್ಗೆ ಐದೂವರೆಗೆ, ರಸ್ತೆಯ ಆ ಬದಿ ನೀವು, ಈ ಬದಿ ನಾವು, ಸುಮ್ನೆ ಅರ್ಧ ಗಂಟೆ ನಡೆಯೋಣ. ಕಚ್ಚದಂತೆ ಬಾಯಿಗೆ ಬುಟ್ಟಿ (ಮಜಲ್) ಹಾಕಿಕೊಳ್ಳುವುದನ್ನೂ ಅವಳಿಗೆ ಅಭ್ಯಾಸ ಮಾಡಿಸಿದ್ದೇನೆ, ಹೆದರಬೇಡಿ.

ಬೇರೆ ನಾಯಿ, ಚಿಕ್ಕ ಮಕ್ಕಳು ಇಲ್ಲದ, ಕಾಂಪೌಂಡ್ ಇರುವ ಮನೆಯವರು ಗೊತ್ತಿದ್ದರೂ ತಿಳಿಸಿ. ಅವಳ ಭಯದ ವಿಷಯ ಅವರಿಗೆ ಮೊದಲೇ ಹೇಳುತ್ತೇನೆ, ಮುಚ್ಚಿಟ್ಟು ಕೊಡುವುದಿಲ್ಲ. ದೀಪಾವಳಿ ಪಟಾಕಿ ಶುರುವಾಗುವ ಮೊದಲು ಅವಳು ತನ್ನ ಮನೆಗೆ ಹೊಂದಿಕೊಂಡಿರಲಿ ಅಂತ ಆಸೆ. ದಯವಿಟ್ಟು ಮೆಸೇಜ್ ಮಾಡಿ.