ಟಾಲ್‌ಸ್ಟಾಯ್ ಕವರ್ ಎರಡು ಸಿಕ್ಕಿವೆ, ಫಸ್ಟ್ ಡೇ ಕವರ್ ಯಾವ್ದು?

ಲಕೋಟೆಹುಳ:
ಹಳೇ ಸ್ಟಾಂಪಿನ ಡಬ್ಬ ಒಂದು ಕೈಗೆ ಬಂತು, ಅದ್ರಲ್ಲಿ ಸೋವಿಯತ್ ಕಾಲದ ಎರಡು ಟಾಲ್‌ಸ್ಟಾಯ್ ಕವರ್ ಇವೆ. ಒಂದ್ರಲ್ಲಿ ಎಡಗಡೆ ಗಡ್ಡದ ಅಜ್ಜನ ಚಿತ್ರ, ಬಲಗಡೆ ಸ್ಟಾಂಪು ಅಂಟಿಸಿದ್ದಲ್ಲ, ಕವರ್ ಮೇಲೇ ಪ್ರಿಂಟ್ ಆಗಿದೆ, 4 ಕೊಪೆಕ್ (ರೂಬಲ್‌ನ ಪೈಸೆ). ಇನ್ನೊಂದಕ್ಕೆ ಸ್ಟಾಂಪ್ ಅಂಟಿಸಿ ಮೇಲೆ ದುಂಡು ಠಸ್ಸೆ ಹೊಡೆದಿದಾರೆ, 9.9.1978 ಅಂತಿದೆ. ಡಬ್ಬದ ಚೀಟೀಲಿ ಎರಡೂ ಫಸ್ಟ್ ಡೇ ಅಂತ ಬರೆದಿದೆ, ಅಂದ್ರೆ ಸ್ಟಾಂಪ್ ಬಿಡುಗಡೆಯಾದ ದಿನವೇ ಠಸ್ಸೆ ಹೊಡೆದ ಕವರ್, ನಂಗೆ ಡೌಟು. ರಷ್ಯನ್ ಓದೋಕೆ ಬರಲ್ಲ. ಸ್ಟಾಂಪ್ ನೆನೆಸಿ ಬಿಡಿಸ್ಲಾ?

ಹಳೇಅಂಚೆ:
ಅಯ್ಯೋ ಮಾರಾಯ್ರೆ, ನೀರಿಗೆ ಮಾತ್ರ ಹಾಕ್ಬೇಡಿ! ಬಿಡಿಸಿದ್ರೆ ಉಳಿಯೋದು ಬರೀ ಸ್ಟಾಂಪು, ಕವರ್ ಕಥೆ ಮುಗೀತು. ಮೊದಲನೇದು ಫಸ್ಟ್ ಡೇ ಅಲ್ಲ, ಅಂಚೆಯವರೇ ಸ್ಟಾಂಪ್ ಸಮೇತ ಅಚ್ಚು ಹಾಕಿ ಮಾರ್ತಿದ್ದ ಚಿತ್ರದ ಲಕೋಟೆ, ಜನ ಕಾಗದ ಬರೆಯೋಕೆ ಅಂತ ತಗೋತಿದ್ದಿದ್ದು. ಹಿಂದೆ ತಿರುಗ್ಸಿ, ಸಣ್ಣಕ್ಷರದಲ್ಲಿ ಕಲಾವಿದರ ಹೆಸರು, ಅಚ್ಚಿನ ತಾರೀಕು ಸಾಮಾನ್ಯವಾಗಿ ಇರುತ್ತೆ. 4 ಕೊಪೆಕ್ ಅಂದ್ರೆ 1961ರ ಈಚಿನದು, ಆ ವರ್ಷ ರೂಬಲ್‌ನಿಂದ ಒಂದು ಸೊನ್ನೆ ಹಾರಿಸಿದ್ರು, ಅದಕ್ಕೂ ಮುಂಚೆ ಆಗಿದ್ರೆ 40 ಅಂತ ಇರ್ತಿತ್ತು. ಕೆಳಗೆ ಎಡಕ್ಕೆ ಪಿನ್‌ಕೋಡಿಗೆ ಚುಕ್ಕಿಚುಕ್ಕಿಯ ಆರು ಮನೆ ಇದ್ರೆ 70ರ ದಶಕ ಅಥವಾ ಆಮೇಲಿನದು.

ಎರಡನೇದ್ರ ತಾರೀಕು ಟಾಲ್‌ಸ್ಟಾಯ್ ಅವರ 150ನೇ ಹುಟ್ಟುಹಬ್ಬ. ಹಳೇ ಕ್ಯಾಲೆಂಡರಲ್ಲಿ 1828ರ ಆಗಸ್ಟ್ 28, ಹೊಸದ್ರಲ್ಲಿ ಸೆಪ್ಟೆಂಬರ್ 9. ಆದ್ರೆ ಹುಟ್ಟಿದ ದಿನದ ಠಸ್ಸೆ ಇದ್ದ ಮಾತ್ರಕ್ಕೆ ಫಸ್ಟ್ ಡೇ ಆಗಲ್ಲ, ಠಸ್ಸೇಲಿ 'ಪೆರ್ವಿ ದೆನ್' ಅಂತಿರ್ಬೇಕು, ಮೊದಲ ದಿನ ಅಂತ ಅರ್ಥ. ಓದೋಕೆ ಬರ್ದಿದ್ರೂ ಎಣಿಸ್ಬಹುದು, ಆರಕ್ಷರದ ಒಂದು ಪದ, ನಾಲ್ಕಕ್ಷರದ ಇನ್ನೊಂದು.

ರೈಲುಡಬ್ಬಿ:
ನಂಗೆ ಕೇಳಿದ್ರೆ ಠಸ್ಸೆ ಹೊಡೆದು ಡ್ರಾಯರಲ್ಲಿ ಮಲಗಿದ ಕವರಿಗಿಂತ ವಿಳಾಸ ಬರೆದು ಊರೂರು ಸುತ್ತಿದ ಕವರೇ ಚೆಂದ. ನಾನು ಹುಡುಕ್ತಿರೋದು ಅಸ್ತಾಪೊವೊದ್ದು, 1910ರಲ್ಲಿ ಅವರು ತೀರಿಕೊಂಡ ರೈಲ್ವೆ ಸ್ಟೇಷನ್. ಆಮೇಲೆ ಊರಿಗೇ ಲೆವ್ ಟಾಲ್‌ಸ್ಟಾಯ್ ಅಂತ ಹೆಸರಿಟ್ರು, ಹಂಗಾಗಿ ಅಲ್ಲಿನ ಮಾಮೂಲಿ ಠಸ್ಸೇಲೂ ಅವರ ಹೆಸರೇ! ಇನ್ನೊಂದು, ಲಕೋಟೆಗಳನ್ನ ಪಿವಿಸಿ ಪ್ಲಾಸ್ಟಿಕ್ ಸ್ಲೀವಲ್ಲಿ ಇಡ್ಬೇಡಿ, ನಂದೊಂದು ಜಿಗಿಜಿಗಿ ಆಗಿ ಅಂಟ್ಕೊಂಡು ಚಿತ್ರದ ಬಣ್ಣಾನೇ ಎದ್ದು ಬಂತು. ಪಾಲಿಪ್ರೊಪಿಲೀನ್ ಸ್ಲೀವ್ ತಗೊಳ್ಳಿ.

ಲಕೋಟೆಹುಳ:
ಲೆನ್ಸ್ ಹಿಡಿದು ಎಣಿಸ್ದೆ, ಆರು-ನಾಲ್ಕರ ಜೋಡಿ ಎಲ್ಲೂ ಇಲ್ಲ 😄 ಹುಟ್ಟುಹಬ್ಬದ ಕವರ್ ಅಷ್ಟೇ. ಚೀಟಿ ಹರಿದು ಹಾಕ್ದೆ.