ಜಿಎಸ್‌ಟಿ ಬಿಲ್ ಇದ್ರ ವೇಪ್ (ಇ-ಸಿಗರೇಟ್) ಮಾರಬಹುದೇನ್ರಿ?

ಪ್ರಶ್ನೆ: ಹುಬ್ಬಳ್ಳಿ ದುರ್ಗದಬೈಲ್ ಕಡೆ ಪಾನ್ ಅಂಗಡಿ. ಬಿಲ್ ಸಮೇತ ವೇಪ್ ಕೊಡ್ತೀನಿ ಅಂತ ಒಬ್ಬಾಂವ ಬಂದಾನ. ಟ್ಯಾಕ್ಸ್ ಕಟ್ಟಿದ್ರ ನಡೀತದೇನ್ರಿ?

ಉತ್ತರ 1: ಇಲ್ರೀ. 2019ರ ಇ-ಸಿಗರೇಟ್ ನಿಷೇಧ ಕಾಯ್ದೆದಾಗ ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತು ಎಲ್ಲಾ ಬಂದ್. ಮೊದಲ ಸಲಕ್ಕ 1 ವರ್ಷದ ತನಕ ಜೈಲು, ಇಲ್ಲಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ. ಮತ್ತ ಸಿಕ್ರ 3 ವರ್ಷ, 5 ಲಕ್ಷದ ತನಕ. ಗಲ್ಲಾ ಕೆಳಗ ಸುಮ್ನ ಇಟ್ಟೀನಿ ಅಂದ್ರೂ 6 ತಿಂಗಳ ತನಕ ಜೈಲು, ಇಲ್ಲಾ 50,000 ತನಕ ದಂಡ, ಇಲ್ಲಾ ಎರಡೂ. ‘ನಿಕೋಟಿನ್ ಇಲ್ಲದ್ದು’ ಅನ್ನೋ ಮಾತೂ ನಡ್ಯಂಗಿಲ್ಲ, ಅದೂ ಕಾಯ್ದೆದ ವ್ಯಾಖ್ಯೆದೊಳಗ ಬರ್ತದ.

ಉತ್ತರ 2: ಆ ಬಿಲ್ ನಿಮ್ಮ ಮ್ಯಾಲಿನ ಸಾಕ್ಷಿ ಆಗ್ತದ, ರಕ್ಷಣೆ ಅಲ್ಲ.

ಪ್ರಶ್ನೆ ಕೇಳಿದವರು: ಮುಂದ ಸರ್ಕಾರ ತೆರಿಗಿ ಹಾಕಿ ಮಾರಾಕ ಬಿಟ್ರ?

ಉತ್ತರ 1: ಬ್ರಿಟನ್ನಿನ ದಾರಿ ಅದು. ಅಲ್ಲೆ 2026ರ ಅಕ್ಟೋಬರ್ 1ರಿಂದ 10 ಎಂಎಲ್ ವೇಪ್ ದ್ರವಕ್ಕ 2.20 ಪೌಂಡ್ ಸುಂಕ ಗೊತ್ತುಮಾಡ್ಯಾರ. ಇಲ್ಲೆ ಮೊದಲ ಪಾರ್ಲಿಮೆಂಟ್ ಕಾಯ್ದೆ ತಿದ್ದಬೇಕು. ಅಲ್ಲೀತನಕ ಸ್ಟಾಕ್ ತಗೋಬ್ಯಾಡ್ರಿ.